ಅವ್ವ ಕೇಳಿದ ಒಂದೇ ಮಾತು

ಅವ್ವನ ಗರ್ಭಚೀಲ ಕೆಳಗೆ ಜಾರಿ ಬಹಳ ದಿನವಾಗಿತ್ತು. ಹಳೆ ಸೀರೆಯ ತುಂಡು ಮಡಚಿ ಕಟ್ಟಿಕೊಂಡು ಖಾನಾಪುರದ ಮನೆಯಲ್ಲಿ ಓಡಾಡಿಕೊಂಡಿದ್ದಳು. ನೆಟ್ಟಗೆ ಕೂರಲೂ ಆಗದಂತಾದ ಮೇಲೆ ನನಗೆ ಫೋನ್ ಮಾಡಿದಳು. ಇಷ್ಟು ದಿನ ಮುಚ್ಚಿಟ್ಟಳಲ್ಲ ಎಂದು ಸಿಟ್ಟು ಬಂತು. ಬೆಳಗಾವಿಗೆ ಕರೆಸಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದು ಬರೀ ಹೆದರಿಕೆ ಉಳಿದಿತ್ತು.

ವೈದ್ಯೆ ಎರಡು ದಾರಿ ಹೇಳಿದರು. ಒಳಗೆ ರಬ್ಬರಿನ ರಿಂಗ್ ಹಾಕಿಸಿಕೊಂಡು ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಇಲ್ಲವೇ ಆಪರೇಷನ್ ಮಾಡಿಸಬೇಕು. ಅವ್ವನ ಹೃದಯ ಅಷ್ಟು ಗಟ್ಟಿಯಿಲ್ಲ, ಆಪರೇಷನ್ನಿನಲ್ಲಿ ಅಪಾಯವಿಲ್ಲ ಎನ್ನಲಾರೆ ಎಂದೂ ಹೇಳಿದರು. ರಿಂಗೇ ಸಾಕು ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಕೊರಳಿನ ಇಷ್ಟಲಿಂಗವನ್ನು ಮುಟ್ಟಿಕೊಂಡು, "ಆಪರೇಷನ್ ಮಾಡೂವಾಗ ಇದನ್ನ ತಗದಿಡಬೇಕೇನ್ರಿ?" ಎಂದು ಕೇಳಿದಳು.

"ಕೊರಳಾಗ ಬ್ಯಾಡ ಅಜ್ಜಿ. ಕೈಗೆ ಕಟ್ಟೂಣು," ಎಂದರು ವೈದ್ಯೆ.

"ಹಂಗಾದ್ರ ಆಪರೇಷನ್ನ ಮಾಡ್ರಿ."

ಇಂಥ ಹೊತ್ತಿನಲ್ಲೂ ಇವಳಿಗೆ ನೇಮದ ಚಿಂತೆ ಎಂದು ನನಗೆ ಮೈ ಉರಿಯಿತು. ಹೊರಗೆ ಬಂದವಳೇ ರೇಗಿದೆ. "ಲಿಂಗದ್ದಷ್ಟ ಕೇಳಿದಿ. ಜೀವದ್ದು ಯಾಕ ಕೇಳಲಿಲ್ಲ?"

ಅವ್ವ ಗೋಡೆ ಹಿಡಿದು ಮೆಲ್ಲಗೆ ಬೆಂಚಿನ ಮೇಲೆ ಕುಳಿತಳು.

"ಜೀವದ್ದ ಕೇಳೀನಿ. ಒಳಗ ಹೋದಾಕಿ ತಿರುಗಿ ಬರಲಿಲ್ಲಂದ್ರ, ಲಿಂಗ ಬಿಟ್ಟು ಮಣ್ಣಿಗೆ ಹೋಗಬಾರದಲ್ಲ," ಎಂದಳು. ಆಮೇಲೆ ತನ್ನ ಎಡಗೈಯನ್ನು ನನ್ನ ತೊಡೆಯ ಮೇಲಿಟ್ಟಳು. "ಅವತ್ತ ನೀನ ಕಟ್ಟು. ಗಟ್ಟಿ ಕಟ್ಟು."