ದೋಣಿಗೆ ಕಂಬ ನಿಲ್ಲಿಸಿದ್ದು

ಗೆಳೆಯರೇ, ಈ ಸಂಜೆ ನನ್ನ ತಲೆ ಒಡೆಯದೆ ಉಳಿದಿರುವುದು ಮಾಂಬಳ್ಳಿಯ ವೆಲ್ಡರ್ ಮಾದಪ್ಪಣ್ಣನ ದಯೆ.

ನೀರಿನ ಮೇಲೆ ಜಾರುವ ಆಟಕ್ಕೆಂದು, ಹಲಗೆಯ ಮೇಲೆ ನಿಂತ ನನ್ನ ತಂಗಿಯನ್ನು ನಮ್ಮ ಮೋಟಾರ್ ದೋಣಿಗೆ ಹಗ್ಗ ಕಟ್ಟಿ ಎಳೆಯಬೇಕಿತ್ತು. ಹಗ್ಗ ಕಟ್ಟಲು ದೋಣಿಯ ನಡುವೆ ಎದೆಯೆತ್ತರದ ಕಬ್ಬಿಣದ ಕಂಬ ಬೇಕು. ವಿಡಿಯೊ ನೋಡಿ ನಾನೇ ಅಳತೆ ಕೊಟ್ಟಿದ್ದೆ. "ಒಂಟಿ ಕಂಬ ನಿಲ್ಲಾಕಿಲ್ಲ ಸಾ, ಎರಡೂ ಕಡೆ ಆಸರೆ ಕೊಡವಾ," ಎಂದು ಅವರು ಎಷ್ಟು ಹೇಳಿದರೂ ನಾನು ಒಪ್ಪಿರಲಿಲ್ಲ.

ಇಂದು ಕೆರೆಯ ದಡದಲ್ಲೇ ದೋಣಿಗೆ ಕಂಬ ಕೂರಿಸಿದ ಅವರು, "ನೀರಿಗಿಳಿಯಾಕ್ ಮುಂಚೆ ನಾವೇ ಒಂದ್ಸಲ ಎಳ್ದು ನೋಡವಾ," ಎಂದರು. ತಂಗಿಯೂ ಸೇರಿ ಮೂವರೂ ದೋಣಿಯ ಹಿಂದೆ ನಿಂತು ಹಗ್ಗ ಜಗ್ಗಿದೆವು. ಬೋಲ್ಟು ಕಿತ್ತು ಕಂಬ ದಢಾರನೆ ಎಂಜಿನ್ ಪಕ್ಕದ ಸೀಟಿನ ಮೇಲೆ ಬಿತ್ತು.

"ಅಲ್ಲಿ ಕುಂತ್ಕಳೋರು ಯಾರ್ ಸಾ?"

"ನಾನೇ."

ಅವರು ನಗಲಿಲ್ಲ, ಬೈಯಲೂ ಇಲ್ಲ. ಆಟೊದಿಂದ ಎರಡು ಓರೆ ಪೈಪು ತಂದರು. ನಾನು ಬೇಡವೆಂದಿದ್ದ ಆಸರೆಗಳನ್ನು ಮೊದಲೇ ಮಾಡಿಟ್ಟುಕೊಂಡು ಬಂದಿದ್ದರು! ಕಂಬವನ್ನು ಮತ್ತೆ ಕೂರಿಸಿ ಅವನ್ನು ಬಿಗಿದ ಮೇಲೆ ಎಷ್ಟು ಜಗ್ಗಿದರೂ ಅಲುಗಲಿಲ್ಲ. ಲೈಫ್ ಜಾಕೆಟ್ ತೊಟ್ಟ ತಂಗಿ ಮೂರು ಸಲ ಬಿದ್ದು, ನಾಲ್ಕನೆಯ ಸಲ ಹಲಗೆಯ ಮೇಲೆ ನಿಂತೇಬಿಟ್ಟಳು.

"ನೀವೂ ಒಂದು ಸುತ್ತು ಬನ್ನಿ ಅಣ್ಣಾ," ಎಂದು ಕೈಮುಗಿದು ಕರೆದೆ.

"ಕಂಬಾನ ನಂಬ್ತೀನಿ ಸಾ. ಆದ್ರೆ ದೋಣಿ ಓಡ್ಸೋರು ನೀವಲ್ವಾ?"