ಕಂಬಳಿಗೆ ಅರ್ಧ ಕಿಲೋ

ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತ ಕೂತಿದ್ದೇನೆ. ತೊಡೆಯ ಮೇಲೆ ಬಟ್ಟೆಯ ಚೀಲ. ನಾನು ಸ್ವಲ್ಪ ಮಿಸುಕಿದರೂ ಚೀಲದೊಳಗಿನ ಕೊಬ್ಬರಿಕಾಯಿ ಗಡಗಡ ಎನ್ನುತ್ತದೆ. ಬೆಳಿಗ್ಗೆ ಮನೆಗೆ ಬೀಗ ಹಾಕಿ ಹೊರಟಾಗ ಪಕ್ಕದ ಮನೆಯ ಗೌರಮ್ಮ ಅಟ್ಟದಿಂದ ಇಳಿಸಿದ್ದು ಎಂದು ಕೈಗಿಟ್ಟ ಕಾಯಿ ಇದು. ವರ್ಷವಿಡೀ ಒಣಗಿ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆ. ನಮ್ಮ ಸೀಮೆಯವರ ಕೈಗೆ ಇಂಥ ಕಾಯಿ ಸಿಕ್ಕರೆ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ನಾನೂ ಅಲ್ಲಾಡಿಸಿದೆ. ಮತ್ತೆ ಬೀಗ ತೆಗೆದು ಒಳಗಿಟ್ಟು ಬರಬಹುದಿತ್ತು. ಇಡಲಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ, ಈಗಲೇ ಹೇಳಲು ನಾಚಿಕೆ.

ಗೋಡೆಯ ಪಕ್ಕದಲ್ಲಿ ತೂಕದ ಯಂತ್ರವಿದೆ. ಅದರ ಹಿಂದೆ ನಿಂತು ಹೆಸರು ಕೂಗುತ್ತಿರುವ ಹುಡುಗಿಯ ಜಾಗದಲ್ಲಿ, ಬೇರೊಂದು ಊರಿನ ಆಸ್ಪತ್ರೆಯಲ್ಲಿ, ನಾನು ಬಹಳ ವರ್ಷ ನಿಂತಿದ್ದೆ. ಮಕ್ಕಳ ವಿಭಾಗದ ಸಿಸ್ಟರು. ಮದುವೆಯ ಮಾತು ಬಂದಾಗಲೆಲ್ಲ ವರ್ಗಾವಣೆಯ ಕಾಗದವೂ ಬರುತ್ತಿತ್ತು, ಎರಡರಲ್ಲಿ ಕಾಗದವೇ ಗಟ್ಟಿ ಎನಿಸುತ್ತಿತ್ತು. ಹಾಗಾಗಿ ಊರವರ ಮಕ್ಕಳನ್ನೆಲ್ಲ ಎತ್ತಿದೆ, ನನ್ನದೆಂದು ಒಂದನ್ನೂ ಎತ್ತಲಿಲ್ಲ.

ಮಕ್ಕಳಿಗೆ ಔಷಧಿ ಕೊಡುವುದು ದೊಡ್ಡವರಿಗೆ ಕೊಟ್ಟಂತಲ್ಲ. ದೊಡ್ಡವರಿಗಾದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಚೀಟಿ ಕೊಟ್ಟು ಕಳಿಸಬಹುದು. ಕೂಸಿಗೆ ಎಲ್ಲವೂ ತೂಕದ ಲೆಕ್ಕ. ಇಷ್ಟು ಕಿಲೋಗೆ ಇಷ್ಟು ಹನಿ. ಎಷ್ಟೋ ಔಷಧಿಗಳು ಮಕ್ಕಳ ಅಳತೆಯಲ್ಲಿ ಬರುತ್ತಲೇ ಇರಲಿಲ್ಲ. ದೊಡ್ಡವರ ಮಾತ್ರೆಯನ್ನೇ ನಾಲ್ಕು ಮಾಡಿ, ಎರಡು ಚಮಚಗಳ ನಡುವೆ ಅರೆದು, ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಿದ್ದೆವು. ಡಾಕ್ಟರು ಎಷ್ಟೇ ಓದಿದ್ದರೂ ಅವರ ಲೆಕ್ಕ ನಿಲ್ಲುತ್ತಿದ್ದುದು ನಾನು ಬರೆದ ತೂಕದ ಮೇಲೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಸ್ವಲ್ಪ ಜಂಬವೂ ಇತ್ತು.

ಮಗುವಿನ ಬಟ್ಟೆ ಬಿಚ್ಚಿ ತೂಗಬೇಕು ಎಂಬುದು ನಿಯಮ. ಆದರೆ ಚಳಿಗಾಲದ ಬೆಳಿಗ್ಗೆ, ಬಾಗಿಲಾಚೆಯವರೆಗೆ ಸಾಲು, ಕಂಬಳಿ ಬಿಚ್ಚಿದರೆ ಅಳು. ನಾನು ಒಂದು ಉಪಾಯ ಕಂಡುಕೊಂಡಿದ್ದೆ. ಮಂಡಿಯಲ್ಲಿ ಕೊಬ್ಬರಿ ತೂಗಿ ಚೀಲದ ತೂಕ ಕಳೆಯುತ್ತಾರಲ್ಲ, ಹಾಗೆ ಕಂಬಳಿಗೆ ಅರ್ಧ ಕಿಲೋ ಕಳೆದು ಬರೆಯುತ್ತಿದ್ದೆ. ಯಾರೂ ಕೇಳಲಿಲ್ಲ. ಸಾಲು ಬೇಗ ಕರಗುತ್ತಿತ್ತು.

ಲಕ್ಕಮ್ಮ ಆ ಸಾಲಿನಲ್ಲಿ ಬಂದವಳು. ಹುಳಿಯಾರಿನ ಕಡೆಯ ಒಂದು ಹಟ್ಟಿಯ ಹುಡುಗಿ, ಇಪ್ಪತ್ತು ತುಂಬಿತ್ತೋ ಇಲ್ಲವೋ. ಗಂಡ ತೋಟಗಳಲ್ಲಿ ಕಾಯಿ ಸುಲಿಯುತ್ತಿದ್ದ. ನಾಲ್ಕು ತಿಂಗಳ ಹೆಣ್ಣುಕೂಸು, ಅದಕ್ಕೆ ಫಿಟ್ಸ್ ಬರುತ್ತಿತ್ತು. ಡಾಕ್ಟರು ಸಿರಪ್ ಬರೆದುಕೊಟ್ಟರು, ಹದಿನೈದು ದಿನಕ್ಕೊಮ್ಮೆ ತೂಗಿಸಿಕೊಂಡು ಹೋಗಬೇಕೆಂದರು. ಓದು ಬಾರದ ಅವಳಿಗೆ ಔಷಧಿ ಕುಡಿಸುವ ಪಿಚಕಾರಿಯ ಮೇಲೆ ನಾನೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಇಲ್ಲಿಯವರೆಗೆ ತುಂಬಿಸು ಎಂದು ತೋರಿಸಿದೆ.

ಎರಡನೇ ಸಲ ಬಂದಾಗ ಕೂಸಿನ ತೂಕ ಒಂದಿಷ್ಟೂ ಏರಿರಲಿಲ್ಲ. ನಾನು ಬೈದೆ. ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಬೈದೆ. ಹೆತ್ತರೆ ಸಾಕೇ, ಹಾಲು ಕುಡಿಸುವುದು ಬೇಡವೇ ಎಂದೆಲ್ಲ. ಬೈದರೇ ಈ ಜನ ದಾರಿಗೆ ಬರುವುದು ಎಂದು ಆಗ ನಂಬಿದ್ದೆ. ಅವಳು ತಲೆ ತಗ್ಗಿಸಿಕೊಂಡು ಕೂಸಿನ ಮುಖದ ಮೇಲೆ ಸೆರಗು ಎಳೆದಳು.

ಮುಂದಿನ ಸಲ ತೂಕ ಏರಿತ್ತು. ಅದರ ಮುಂದಿನ ಸಲ ಇನ್ನೂ ಏರಿತ್ತು. ನಾನು ಹಿಗ್ಗಿದೆ. ನೋಡಿ ಇವಳನ್ನ, ಹೀಗೆ ಸಾಕಬೇಕು ಎಂದು ಉಳಿದ ತಾಯಂದಿರಿಗೆ ತೋರಿಸಿದೆ. ತೂಕ ಏರಿದಂತೆ ಡಾಕ್ಟರು ಔಷಧಿಯನ್ನೂ ಏರಿಸಿದರು. ಪಿಚಕಾರಿಯ ಕೆಂಪು ಗೆರೆಯನ್ನು ನಾನೇ ಎರಡು ಸಲ ಮೇಲಕ್ಕೆ ಸರಿಸಿದೆ. ಕೂಸು ಯಾವಾಗಲೂ ನಿದ್ದೆಯಲ್ಲೇ ಇರುತ್ತದೆ ಎಂದು ಅವಳು ಮೆಲ್ಲಗೆ ಹೇಳಿದ್ದು ನೆನಪಿದೆ. ಒಳ್ಳೆಯದೇ ಆಯಿತಲ್ಲ ಎಂದುಬಿಟ್ಟೆ.

ಐದನೇ ಸಲ ಅವಳ ಕೈಯಿಂದ ಕಂಬಳಿಯ ಗಂಟನ್ನು ಎತ್ತಿಕೊಂಡು ತಕ್ಕಡಿಯ ಮೇಲಿಡುವಾಗ ಗಡಗಡ ಎಂದಿತು. ಈ ಸೀಮೆಯಲ್ಲಿ ಆ ಸದ್ದು ತಿಳಿಯದವರು ಯಾರಿದ್ದಾರೆ? ಕಂಬಳಿ ಬಿಚ್ಚಿದೆ. ಕೂಸಿನ ಕಾಲ ಬಳಿಯ ಮಡಿಕೆಯಲ್ಲಿ ಮೂರು ಕಾಯಿಗಳಿದ್ದವು. ಎರಡು ಹಸಿಕಾಯಿ, ಹಿಂದಿನ ಸಲಗಳಲ್ಲಿ ಸದ್ದು ಮಾಡದೆ ಅವಳ ಗುಟ್ಟು ಕಾದವು ಅಂಥವೇ. ಮೂರನೆಯದು ಅಟ್ಟದ್ದು.

"ನೀವು ಎಲ್ರ ಮುಂದೆ ಬೈತೀರಲ್ಲ ಅಂತ ಇಟ್ಟೆ ಕಣ್ರವ್ವ," ಎಂದಳು. "ತೂಕ ಬಂದೈತೆ ಅಂದ್ರೆ ನಗ್ತಿದ್ರಿ."

ಆಮೇಲೆ ಅವಳೇ ಕಾಯಿಗಳನ್ನು ಪಕ್ಕಕ್ಕಿಟ್ಟಳು, ಅಂಗಿ ಕಳಚಿದಳು, ಬರಿಮೈಯ ಕೂಸನ್ನು ತಕ್ಕಡಿಯ ಮೇಲೆ ಮಲಗಿಸಿದಳು. ಅದು ಕಣ್ಣು ತೆರೆಯಲಿಲ್ಲ, ಅಳಲೂ ಇಲ್ಲ.

"ಇಷ್ಟೇ ಕಣ್ರವ್ವ ನನ್ ಕೂಸು."

ಮೊದಲ ದಿನ ಬಂದಾಗ ಇದ್ದುದಕ್ಕಿಂತ ಕಡಿಮೆ ಇತ್ತು. ಇಲ್ಲದ ತೂಕಕ್ಕೆ ಔಷಧಿ, ಔಷಧಿಗೆ ನಿದ್ದೆ, ನಿದ್ದೆಯಲ್ಲಿ ಹಾಲಿಲ್ಲ, ಹಾಲಿಲ್ಲದೆ ಸೊರಗಿದ ಕೂಸಿಗೆ ಇನ್ನೊಂದು ಕಾಯಿ. ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ. ತಾಯಿ ಕಂಬಳಿಯಲ್ಲಿ ತೆಂಗಿನಕಾಯಿ ಇಟ್ಟಿದ್ದಾಳೆ ಎಂದೆ. ಅಷ್ಟನ್ನೇ ಹೇಳಿದೆ. ಬಟ್ಟೆ ಬಿಚ್ಚದೆ ತೂಗಿದವಳು ನಾನು ಎಂದು ಹೇಳಲಿಲ್ಲ. ಡಾಕ್ಟರು ಅವಳಿಗೆ ಬೈದರು, ನಾನು ಪಕ್ಕದಲ್ಲಿ ನಿಂತು ಕೇಳಿದೆ. ಲಕ್ಕಮ್ಮ ಒಮ್ಮೆ ನನ್ನ ಮುಖ ನೋಡಿದಳು. ಅವಳಿಗೂ ಗೊತ್ತಿತ್ತು, ಆದರೆ ಅವಳೂ ಹೇಳಲಿಲ್ಲ.

ಕೂಸನ್ನು ವಾರ್ಡಿನಲ್ಲಿ ಇರಿಸಿಕೊಂಡರು. ಇಂಥ ಔಷಧಿಯನ್ನು ಒಮ್ಮೆಗೇ ನಿಲ್ಲಿಸುವ ಹಾಗಿಲ್ಲವೆಂದು ಡಾಕ್ಟರು ನೋಡಿ ನೋಡಿ ಇಳಿಸಿದರು. ನಾಲ್ಕನೇ ದಿನ ಅದು ಅತ್ತಿತು, ಹಾಲಿಗಾಗಿ. ನಾನು ಔಷಧಿ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತೆ. ಮನೆಗೆ ಕಳಿಸುವ ದಿನ ಹೊಸ ಪಿಚಕಾರಿಗೆ ಹೊಸ ಗೆರೆ ಎಳೆದುಕೊಟ್ಟೆ. ಹದಿನೈದು ದಿನ ಬಿಟ್ಟು ಬರಲು ಹೇಳಿದೆ. ಅವಳು ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಚಿಕ್ಕನಾಯಕನಹಳ್ಳಿಯಲ್ಲಿ ತೋರಿಸುತ್ತಾರಂತೆ ಎಂದು ಯಾರೋ ಅಂದರು. ನಿವೃತ್ತಿಯವರೆಗೂ ಕಂಬಳಿಯ ಗಂಟು ಕಂಡಾಗಲೆಲ್ಲ ಅದನ್ನು ಎತ್ತಿಕೊಂಡವಳ ಮುಖ ನೋಡಿದೆ. ಕ್ಷಮಿಸು ಎನ್ನಬೇಕಾದವಳು ಸಿಕ್ಕದೆ ಇದ್ದರೆ ಆ ಮಾತು ಗಂಟಲಲ್ಲೇ ಮುದಿಯಾಗುತ್ತದೆ.

ಈಗ ನಾಚಿಕೆಯ ವಿಷಯ. ಹೋದ ತಿಂಗಳು ಇದೇ ಯಂತ್ರದ ಮೇಲೆ ನಿಂತಾಗ ನನ್ನ ತೂಕ ಮೂರು ಕಿಲೋ ಇಳಿದಿತ್ತು. ಆ ಹುಡುಗಿ ಗಟ್ಟಿಯಾಗಿ ಕೇಳಿದಳು, ಊಟ ಮಾಡ್ತೀರೋ ಇಲ್ವೋ, ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ವಾ ಎಂದು. ಬೆಂಚಿನವರೆಲ್ಲ ತಿರುಗಿ ನೋಡಿದರು. ತಂಗಿ ಇದ್ದಾಳೆ ಎಂದೆ. ನನಗೆ ತಂಗಿಯೇ ಇಲ್ಲ. ಅದಕ್ಕೇ ಇವತ್ತು ಕಾಯಿ ಚೀಲದಲ್ಲಿದೆ, ಗೌರಮ್ಮನ ನೆಪದಲ್ಲಿ.

ನನ್ನ ಹೆಸರು ಕೂಗಿದರು. ಚೀಲವನ್ನು ಹೆಗಲಿಗೇರಿಸಿಕೊಂಡೇ ಹೋದೆ. ಹುಡುಗಿ ಅವಸರದಲ್ಲಿದ್ದಳು, ಚೀಲ ಇರ್ಲಿ ಬುಡಿ ಅಮ್ಮ, ಸ್ವಲ್ಪ ಕಳೆದು ಬರ್ಕೋತೀನಿ ಎಂದಳು. ನಾನು ಹತ್ತಿದೆ. ಕಾಯಿ ಗಡಗಡ ಎಂದಿತು.

ಇಳಿದೆ. ಚೀಲವನ್ನು ಬೆಂಚಿನ ಮೇಲಿಟ್ಟು ಬಂದು, ಬರಿಗೈಯಲ್ಲಿ ಮತ್ತೆ ಹತ್ತಿ ನಿಂತೆ.

"ಸರಿಯಾಗಿ ನೋಡಮ್ಮ," ಎಂದೆ. "ತಂಗಿ ಇಲ್ಲ, ಯಾರೂ ಇಲ್ಲ. ರಾತ್ರಿ ಒಬ್ಳಿಗೆ ಅಡುಗೆ ಮಾಡಾಕೆ ಮನಸ್ಸು ಬರಲ್ಲ. ಇಷ್ಟೇ ಕಣಮ್ಮ ನಾನು."

ಅವಳು ಮುಳ್ಳು ನೋಡಿದಳು, ನನ್ನನ್ನು ನೋಡಿದಳು. ಈ ಸಲ ಗಟ್ಟಿಯಾಗಿ ಓದಲಿಲ್ಲ. ಬರೆದುಕೊಂಡು, ಇಳಿಯಲು ಕೈ ಕೊಟ್ಟಳು.