ಬ್ಯಾನಿ ಅನಬ್ಯಾಡ್ರಿ

ಹೆರಿಗೆಯಲ್ಲಿ ನೋವೇ ಇಲ್ಲವೆಂದು ನಾನು ತಿಕೋಟಾದ ಹೆಂಗಸರಿಗೆ ಎರಡು ವರ್ಷ ಪಾಠ ಹೇಳಿದ್ದೇನೆ. ಆಗ ನನಗೆ ಇಪ್ಪತ್ತೆರಡು ವರ್ಷ, ಹೆತ್ತಿರಲಿಲ್ಲ. ಈ ಸಣ್ಣ ಕೊರತೆ ನನ್ನ ಪಾಠಕ್ಕೆ ಅಡ್ಡಿಯಾದೀತು ಎಂದು ಒಂದು ದಿನವೂ ನನಗೆ ಅನ್ನಿಸಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಜಾಪುರದ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್ ತರಬೇತಿ ಮುಗಿಸಿದ್ದೆ. ನಮಗೆ ಪಾಠ ಹೇಳುತ್ತಿದ್ದವರು ಮುಂಬಯಿಯಲ್ಲಿ ಓದಿ ಬಂದ ಒಬ್ಬ ಹೆಣ್ಣು ಡಾಕ್ಟರು. ಡಾಕ್ಟರಬಾಯಿ ಎಂದೇ ಎಲ್ಲರೂ ಅವರನ್ನು ಕರೆಯುತ್ತಿದ್ದರು. ಅವರಿಗೆ ಟಪಾಲಿನಲ್ಲಿ ಪರದೇಶದ ವೈದ್ಯಪತ್ರಿಕೆಗಳು ಬರುತ್ತಿದ್ದವು. ಒಂದು ದಿನ ಪಾಠದ ನಡುವೆ ಅವರು ರಷ್ಯಾ, ಫ್ರಾನ್ಸ್ ಕಡೆ ನಡೆದಿದ್ದ ಹೊಸ ಸಂಶೋಧನೆಯ ವಿಷಯ ತೆಗೆದರು. ಹೆರಿಗೆಯ ನೋವಿನಲ್ಲಿ ಒಂದು ಪಾಲು ಅಂಜಿಕೆಯಿಂದ ಹುಟ್ಟುತ್ತದೆ. ಅಂಜಿದರೆ ಮೈ ಬಿಗಿಯುತ್ತದೆ, ಬಿಗಿದ ಮೈ ಹೆಚ್ಚು ನೋಯುತ್ತದೆ, ನೋವು ಹೆಚ್ಚಿದಷ್ಟೂ ಅಂಜಿಕೆ ಹೆಚ್ಚುತ್ತದೆ. ಬಸುರಿಗೆ ಮೊದಲೇ ಎಲ್ಲವನ್ನೂ ತಿಳಿಸಿ, ಉಸಿರಾಡುವ ಕ್ರಮ ಕಲಿಸಿದರೆ ನೋವು ಕಡಿಮೆಯಾಗಬಹುದು. ಅಲ್ಲಿಯವರು ‘ನೋವು’ ಎಂಬ ಶಬ್ದವನ್ನೇ ಬಸುರಿಯರ ಎದುರು ಆಡುವುದಿಲ್ಲವಂತೆ, ಶಬ್ದಕ್ಕೇ ಮೈ ಹೆದರುತ್ತದಂತೆ.

ಡಾಕ್ಟರಬಾಯಿ ತೂಗಿ ಮಾತಾಡುವವರು. ‘ಕಡಿಮೆಯಾಗಬಹುದು’ ಎಂದೇ ಅವರು ಹೇಳಿದ್ದು. ನನ್ನ ಕಿವಿಗೆ ಆ ‘ಬಹುದು’ ಬೀಳಲೇ ಇಲ್ಲ.

ತಿಕೋಟಾದ ಎರಡು ಕೋಣೆಯ ಹೆರಿಗೆಮನೆಗೆ ನನ್ನನ್ನು ಹಾಕಿದರು. ಗಂಡ ವಿಜಾಪುರದ ಜೋರಾಪುರ ಪೇಟೆಯಲ್ಲಿ ಅರಿವೆ ಅಂಗಡಿಯಲ್ಲಿದ್ದರು. ಶನಿವಾರ ಸಂಜೆ ನಾನು ಅಲ್ಲಿಗೆ ಹೋಗಿ, ಸೋಮವಾರ ಮುಂಜಾನೆಯ ಬಸ್ಸಿಗೆ ವಾಪಸು. ಹೋದ ಮೊದಲ ವಾರವೇ ನಾನು ‘ಬ್ಯಾನಿ’, ಅಂದರೆ ಬೇನೆ, ಎಂಬ ಶಬ್ದವನ್ನು ಬಂದ್ ಮಾಡಿದೆ. ಹೆರಿಗೆಗೆ ನಮ್ಮ ಜನ ಇಟ್ಟ ಹೆಸರೇ ಬ್ಯಾನಿ, ಬ್ಯಾನಿ ಶುರುವಾದವು, ಬ್ಯಾನಿ ತಿನ್ನಾಕತ್ತಾಳ ಎನ್ನುವುದೇ ರೂಢಿ. ಅದರ ಬದಲಿಗೆ ‘ಬಿಗಿತ’ ಎನ್ನಬೇಕೆಂದು ಕಟ್ಟಪ್ಪಣೆ ಮಾಡಿದೆ.

ಅಲ್ಲಿ ನನಗಿಂತ ಮೊದಲೇ ಒಬ್ಬ ಮುದುಕಿ ಸೂಲಗಿತ್ತಿ ಇದ್ದಳು. ಊರಿನ ಅರ್ಧ ಮಂದಿ ಅವಳ ಕೈಯಲ್ಲೇ ಹುಟ್ಟಿದವರು. ಎಲ್ಲರಿಗೂ ಅವಳು ಆಯಿ, ಅಂದರೆ ಅಜ್ಜಿ. ಹೆರುವವಳ ಬೆನ್ನ ಹಿಂದೆ ಕುಳಿತು, ರೊಟ್ಟಿಯ ಹಿಟ್ಟು ನಾದುವವಳ ಹಾಗೆ ಅಂಗೈಯಿಂದ ಸೊಂಟ ಒತ್ತುವುದು ಅವಳ ರೂಢಿ. ಅದನ್ನು ನೋಡಿದ ದಿನವೇ ನಾನು ತಡೆದೆ.

“ಆಯಿ, ಕೈ ತಗೀರಿ. ಅದು ಶಾಸ್ತ್ರೀಯ ಅಲ್ಲ.”

“ಇದು ಶಾಸ್ತ್ರ ಅಲ್ಲ ಬೇ ತಂಗಿ, ಸೊಂಟ,” ಎಂದಳು ಆಯಿ. ಆದರೂ ಕೈ ತೆಗೆದಳು. ಅವಳಿಗೆ ಬಾಗಿಲ ಬಳಿ ಒಂದು ಮಣೆ ಹಾಕಿಸಿ, ನೀರು ಕಾಯಿಸುವ ಕೆಲಸ ಕೊಟ್ಟೆ.

ಪ್ರತಿ ಮಂಗಳವಾರ, ಹೊಲಕ್ಕೆ ಬುತ್ತಿ ಕಳಿಸಿದ ಮೇಲೆ, ಬಸುರಿಯರು ನನ್ನ ಪಾಠಕ್ಕೆ ಬರುತ್ತಿದ್ದರು. ಚಾಪೆಯ ಮೇಲೆ ಸಾಲಾಗಿ ಮಲಗಿಸಿ ಉಸಿರು ಎಳೆಯುವುದು, ಬಿಡುವುದು, ಕೊನೆಗೆ ಸಣ್ಣ ಸಣ್ಣದಾಗಿ ತೇಕುವುದು ಕಲಿಸುತ್ತಿದ್ದೆ. ತೇಕುವ ಪಾಠ ಬಂದಾಗ ಒಬ್ಬಳು ನಕ್ಕರೆ ಸಾಲೆಲ್ಲ ನಗುತ್ತಿತ್ತು. “ಬಾಯಾರ, ನಮ್ಮ ಕುರಿ ಕಾಯೋ ನಾಯಿ ಬ್ಯಾಸಗ್ಯಾಗ ಹಿಂಗ ಮಾಡತೈತ್ರಿ,” ಎಂದು ಒಬ್ಬಳು ಹೇಳಿದ್ದಳು. ಆದರೂ ಒಬ್ಬರೂ ತಪ್ಪಿಸುತ್ತಿರಲಿಲ್ಲ. ನನ್ನ ಪಾಠದ ಮಹಿಮೆ ಎಂದು ನಾನು ಉಬ್ಬಿದ್ದೆ. ಅತ್ತೆಯ ಅಪ್ಪಣೆ ಪಡೆದು ಹಗಲಿನಲ್ಲಿ ಎರಡು ತಾಸು ಕಾಲು ಚಾಚಿ ಮಲಗಲು ಅವರಿಗೆ ವಾರದಲ್ಲಿ ಅದೊಂದೇ ಅವಕಾಶವೆಂದು ತಿಳಿದದ್ದು ಬಹಳ ತಡವಾಗಿ.

ಒಂದು ಮುಂಜಾನೆ ಕಳ್ಳಕವಟಗಿಯಿಂದ ಕುರಿ ಸಾಕುವ ಒಬ್ಬಾತ ಚಕ್ಕಡಿ ಹೂಡಿಕೊಂಡು ಬಂದ. ಅವನ ಹೆಂಡತಿ ನನ್ನ ಪಾಠಕ್ಕೆ ಬರುತ್ತಿದ್ದಳು, ಮೂರನೆಯ ಬಸುರಿ.

“ಬಾಯಾರ, ಮನ್ಯಾಗ ಬಿಗಿತ ಆಗೈತ್ರಿ. ನಸುಕಿನಿಂದ.”

ನಾನು ಯಾವುದೋ ರಜಿಸ್ಟರಿಗೆ ಗೆರೆ ಎಳೆಯುತ್ತಿದ್ದೆ. ತಲೆ ಎತ್ತದೆ ಹೇಳಿದೆ, “ಔಡಲೆಣ್ಣಿ ಕುಡಿಸ್ರಿ. ಸಂಜಿತನಕ ಹೊಟ್ಟಿ ಸಾಫ್ ಆಗತೈತಿ.”

ಆತ ರುಮಾಲು ತೆಗೆದು ಮತ್ತೆ ಸುತ್ತಿಕೊಂಡ. “ಹೊಟ್ಟಿದಲ್ರಿ ಯಕ್ಕಾ. ಬ್ಯಾನಿ ಅನಬಾರದು ಅಂತ ನೀವ ಹೇಳೀರಂತಲ್ರಿ? ಅದಕ್ಕ ಬಿಗಿತ ಅಂದೆ. ಅನಬಾರದ್ದು ಏನೈತಿ, ಅದ ಶುರುವಾಗೈತ್ರಿ.”

ಬಾಗಿಲ ಬಳಿಯ ಮಣೆಯಿಂದ ಆಯಿ ಆಗಲೇ ಎದ್ದು ಚಕ್ಕಡಿ ಹತ್ತಿದ್ದಳು.

ಸಮಯಕ್ಕೆ ಸರಿಯಾಗಿ ತಲುಪಿದೆವು. ನಾನು ಹೆಂಗಸಿನ ಎದುರು ಕುಳಿತು, ಕೈಗಡಿಯಾರ ನೋಡುತ್ತ, ಉಸಿರಿನ ಲೆಕ್ಕ ಹೇಳಿದೆ. ಅವಳು ಒಂದು ಸೊಲ್ಲೂ ಎತ್ತದೆ ಹೆತ್ತಳು. ಗಂಡುಮಗು. ನನ್ನ ಸಂಭ್ರಮಕ್ಕೆ ಮಿತಿಯಿಲ್ಲ. ಮುಂದಿನ ತಿಂಗಳು ಡಾಕ್ಟರಬಾಯಿ ತಪಾಸಣೆಗೆ ಬಂದಾಗ, ಕೂಸಿನೊಂದಿಗೆ ಅವಳನ್ನು ಕರೆಸಿ ಎದುರಿಗೆ ನಿಲ್ಲಿಸಿದೆ. ನೋವಿಲ್ಲದೆ ಹೆತ್ತವಳು ಎಂದು ಪರಿಚಯ ಮಾಡಿಕೊಟ್ಟೆ.

ಡಾಕ್ಟರಬಾಯಿ ಅವಳನ್ನು ಕೂರಿಸಿ ಕೇಳಿದರು, “ಖರೇ ಹೇಳವಾ, ನೋವು ಆತೋ ಇಲ್ಲೋ?”

ಅವಳು ನನ್ನ ಮುಖ ನೋಡಿದಳು. ಆಮೇಲೆ ಕೂಸಿನ ಮುಖ. “ಆತ್ರಿ ಯವ್ವಾ. ಜೀವ ಹೋದಂಗ ಆತು. ಮೊದಲಿನ ಎರಡಕ್ಕೂ ಇಷ್ಟ ಆಗಿತ್ತು.”

“ಮತ್ತ ಒದರಲಿಲ್ಲ ಯಾಕ?”

“ಬಾಯಾರು ಅಷ್ಟ ದೂರದಿಂದ ಬಂದು ಎದುರಿಗೇ ಕುಂತಿದ್ರಲ್ರಿ. ಪಾಪ, ಅವರಿಗೆ ಬ್ಯಾಸರ ಆಗಬಾರದಂತ ಸೆರಗು ಬಾಯಾಗ ತುರುಕಿಕೊಂಡಿದ್ದೆ.”

ಸೆರಗು ಬಾಯಲ್ಲಿದ್ದುದನ್ನು ನಾನು ನೋಡಿರಲಿಲ್ಲವೇ ಎಂದು ಡಾಕ್ಟರಬಾಯಿ ಕೇಳಿದರು. ಗಡಿಯಾರ ನೋಡುತ್ತಿದ್ದೆ ಎಂದೆ. ಅವರು ಬೈಯಲಿಲ್ಲ. ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡು, “ಸುಮ್ಮನಿದ್ದವರಿಗೆಲ್ಲಾ ನೋವಿಲ್ಲಂತ ನಾವು ಬರಕೋತ ಹೊಂಟೀವಿ ನೋಡು,” ಎಂದಷ್ಟೇ ಹೇಳಿದರು. ಅಷ್ಟಕ್ಕೇ ಎಚ್ಚರವಾಗಬೇಕಿತ್ತು. ಆ ಹೆಂಗಸು ಸರಿಯಾಗಿ ಅಭ್ಯಾಸ ಮಾಡಿಲ್ಲ ಎಂದು ತೀರ್ಮಾನಿಸಿ, ನಾನು ಮುಂದಿನ ಮಂಗಳವಾರ ಅರ್ಧ ತಾಸು ಹೆಚ್ಚು ಪಾಠ ಮಾಡಿದೆ.

ಮರುವರ್ಷ ನಾನೇ ಬಸುರಿಯಾದೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ನನ್ನ ತವರು ಬಬಲೇಶ್ವರ. ಅವ್ವ ಎಂಟನೆಯ ತಿಂಗಳಿನಿಂದಲೇ ಹೇಳಿ ಕಳಿಸುತ್ತಿದ್ದಳು, ನಾನು ಪಾಠದ ನೆಪ ಹೇಳಿ ಮುಂದೆ ಹಾಕುತ್ತಿದ್ದೆ. ಕೊನೆಗೆ ಒಂದು ಮಂಗಳವಾರ ಅವಳೇ ವಿಜಾಪುರದ ಮೇಲೆ ಹಾಯ್ದು, ಎರಡು ಬಸ್ಸು ಬದಲಿಸಿ ತಿಕೋಟಾಕ್ಕೆ ಬಂದಳು. ನಸುಕಿನಿಂದ ನನ್ನ ಸೊಂಟ ಹಿಡಿದು ಹಿಡಿದು ಬಿಡುತ್ತಿತ್ತು. ಅವ್ವ ಚೀಲ ಕೆಳಗಿಡುವ ಮೊದಲೇ ನನ್ನ ಮುಖ ನೋಡಿದಳು.

“ನಿನಗ ಬ್ಯಾನಿ ಅದಾವ ಬೇ.”

“ಯವ್ವಾ, ಆ ಶಬ್ದ ಬ್ಯಾಡ. ನಿನ್ನೆ ಜುಣಕ ಹೆಚ್ಚ ತಿಂದೀನಿ, ಅಷ್ಟ. ಪಾಠ ಮುಗಿಸಿ ಹೋಗೋಣು.”

ಹೆರಿಗೆ ಮಾಡಿಸಲು ತರಬೇತಿ ಪಡೆದವಳು ತನ್ನ ಹೆರಿಗೆ ಶುರುವಾದದ್ದನ್ನು ಕಡಲೆಹಿಟ್ಟಿನ ಅಜೀರ್ಣವೆಂದು ತಿಳಿದಳು. ಇದಕ್ಕೆ ನಾನು ಇಂದಿಗೂ ಏನೂ ಸಮಜಾಯಿಷಿ ಕೊಡಲಾರೆ.

ಎಂಟು ಮಂದಿ ಬಸುರಿಯರು ಚಾಪೆಯ ಮೇಲಿದ್ದರು. ‘ಅಂಜಬಾರದು’ ಎನ್ನುತ್ತ ನಾನು ಒಂದು ಹೆಜ್ಜೆ ಇಟ್ಟೆ, ನೀರಚೀಲ ಒಡೆದು ಸೀರೆ ತೋಯ್ದುಹೋಯಿತು. ಆ ಗಳಿಗೆಯಲ್ಲೂ ನನ್ನೊಳಗಿನ ಮಾಸ್ತರಿಕೆ ಸಾಯಲಿಲ್ಲ. ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಕ್ಕೀತು ಎಂದುಕೊಂಡೆ. ಗೋಡೆಗೆ ಆತು ನಿಂತು, “ನೋಡ್ರಿ, ಇದು ಬಿಗಿತ. ಈಗ ನಾ ಹೆಂಗ ಉಸರ ಬಿಡತೀನಿ, ಚಂದಂಗ ನೋಡಿ ಕಲೀರಿ,” ಎಂದೆ. ಮಂಚದ ಮೇಲೆ ಮಲಗಿ ಒಂದು ತಾಸು ನಿಜಕ್ಕೂ ಚೆನ್ನಾಗಿ ಉಸಿರಾಡಿದೆ. ಅವರೆಲ್ಲ ಬಾಗಿಲಲ್ಲಿ ಗುಂಪುಗೂಡಿ ಭಕ್ತಿಯಿಂದ ನೋಡಿದರು.

ಎರಡನೆಯ ತಾಸಿಗೆ ನಾನು ಮಾತು ನಿಲ್ಲಿಸಿದೆ. ಮೂರನೆಯ ತಾಸಿಗೆ “ಯವ್ವಾ, ಸತ್ತೆ!” ಎಂದು ಚೀರಿದೆ. ಬಸ್ ನಿಲ್ಲುವ ಜಾಗ ಹೆರಿಗೆಮನೆಯಿಂದ ಒಂದು ಕೂಗಳತೆ. ಅಲ್ಲಿ ನಿಂತವರಿಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತೆಂದು ಆಮೇಲೆ ಊರಿನವರು ಆದರದಿಂದ ತಿಳಿಸಿದರು. ಬಸ್ಸಿನ ಕಂಡಕ್ಟರು ಇಳಿದು ಬಂದು, ಯಾರನ್ನಾದರೂ ವಿಜಾಪುರಕ್ಕೆ ಒಯ್ಯಬೇಕೇನು ಎಂದು ವಿಚಾರಿಸಿ ಹೋದನಂತೆ.

ನನ್ನ ಶಿಷ್ಯೆಯರು ಮಾತ್ರ ನಂಬಿಕೆ ಬಿಡಲಿಲ್ಲ. ನಾನು ಕಲಿಸಿದ್ದನ್ನು ನಾನೇ ಮರೆತಿದ್ದೇನೆಂದು ಅವರಿಗೆ ಅನ್ನಿಸಿರಬೇಕು. ಎಂಟೂ ಮಂದಿ ಸಾಲಾಗಿ ನಿಂತು ನನಗೋಸ್ಕರ ತೇಕತೊಡಗಿದರು. ನಾನು “ಅಯ್ಯಯ್ಯೋ ಬ್ಯಾನಿ” ಎಂದಾಗ ಅವರಲ್ಲಿ ಸಣ್ಣವಳು ಮಂಚದ ಬಳಿ ಬಂದು ಬಹಳ ಮೆತ್ತಗೆ ಹೇಳಿದಳು:

“ಬಾಯಾರ, ಬ್ಯಾನಿ ಅನಬ್ಯಾಡ್ರಿ. ಬಿಗಿತ ಅನ್ರಿ.”

“ನಿನ್ನ ಬಾಯಾಗ ಮಣ್ಣ ಬೀಳಲಿ!” ಎಂದೆ ನಾನು. ಅವಳನ್ನು ಬೈದು ಸಾಲದೆ, ರಷ್ಯಾ ಮತ್ತು ಫ್ರಾನ್ಸ್ ದೇಶಗಳನ್ನೂ, ಅರಿವೆ ಅಂಗಡಿಯಲ್ಲಿ ತಣ್ಣಗೆ ಕುಳಿತಿದ್ದ ಗಂಡನನ್ನೂ ಬೈದೆ.

ಅಷ್ಟರಲ್ಲಿ ಯಾರೋ ನನ್ನನ್ನು ಮಗ್ಗುಲಿಗೆ ಹೊರಳಿಸಿದರು. ಬೆನ್ನ ಕೆಳಗೆ, ಬಾಲಮೂಳೆಯ ಮೇಲ್ಗಡೆ, ಎರಡು ಅಂಗೈಗಳು ಬಂದು ಕುಳಿತವು. ಬಿಗಿತ ಏರುವಾಗ ಅವು ಗಟ್ಟಿಯಾಗಿ ಒತ್ತಿದವು, ಇಳಿಯುವಾಗ ಸಡಿಲಾದವು. ನೋವು ಹೋಯಿತೆಂದರೆ ಸುಳ್ಳಾಗುತ್ತದೆ. ಕೋಣೆಯ ತುಂಬ ಹರಡಿದ್ದ ನೋವು ಒಂದು ಕಡೆ ಕೂಡಿಬಂತು, ನಾನು ತಡೆದುಕೊಳ್ಳುವಷ್ಟಾಯಿತು. ಬೇಕಾದಾಗ ಉಸಿರೂ ಸಿಕ್ಕಿತು.

“ಆಯಿ, ಕೈ ತಗೀಬ್ಯಾಡ,” ಎಂದೆ.

“ಇಲ್ಲ ತಂಗಿ, ತಗಿಯಂಗಿಲ್ಲ. ಒದರು, ನಿನಗ ಬೇಕಾದಷ್ಟ ಒದರು,” ಎಂದಳು ಆಯಿ. ಅವ್ವ ತಲೆಗಡೆ ಕುಳಿತು ಹಣೆ ಒರೆಸುತ್ತಿದ್ದಳು. ಹೊತ್ತು ಮುಳುಗುವ ಮೊದಲು ಮಗಳು ಹುಟ್ಟಿದಳು. ಅವಳ ಚೀರಾಟ ನನ್ನದಕ್ಕಿಂತ ಸಣ್ಣದಿತ್ತೆಂದು ಎಲ್ಲರೂ ಒಪ್ಪಿದರು.

ಬಬಲೇಶ್ವರದಲ್ಲಿ ಬಾಣಂತನಕ್ಕಿದ್ದಾಗ ಡಾಕ್ಟರಬಾಯಿ ನೋಡಲು ಬಂದರು. ನಿಮ್ಮ ವಿಜ್ಞಾನದ ಮಾನ ಕಳೆದೆ ಎಂದು ನಾನು ಅತ್ತೆ. ಅವರು ಅಂಟಿನುಂಡೆ ತಿನ್ನುತ್ತ ಹೇಳಿದರು, “ವಿಜ್ಞಾನಕ್ಕ ಏನೂ ಆಗಿಲ್ಲ. ಕಡಿಮಿ ಆಗಬಹುದು ಅಂತ ಅದು ಹೇಳಿತ್ತು. ಇಲ್ಲೇ ಇಲ್ಲ ಅಂದಾಕಿ ನೀನು.”

ಮೂರು ತಿಂಗಳ ನಂತರ ತಿಕೋಟಾಕ್ಕೆ ಹೋಗುವಾಗ, ಇನ್ನು ಯಾರೂ ಪಾಠಕ್ಕೆ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಚಾಪೆ ಸಾಲದಷ್ಟು ಮಂದಿ ಬಂದಿದ್ದರು. ಉಸಿರಿನ ಪಾಠ ಯಾರಿಗೂ ಬೇಕಿರಲಿಲ್ಲ. ನನ್ನ ಹೆರಿಗೆಯ ಕತೆ ಕೇಳಬೇಕಿತ್ತು, ತಮ್ಮ ತಮ್ಮದು ಹೇಳಬೇಕಿತ್ತು. ಯಾರಿಗೆ ಎಲ್ಲಿ ನೋಯುತ್ತದೆ, ಯಾರಿಗೆ ಯಾವುದರ ಅಂಜಿಕೆ ಎಂದು ನಾನು ಮೊದಲ ಬಾರಿ ಕೇಳಿ ಬರೆದುಕೊಂಡದ್ದು ಅಂದೇ. ಉಸಿರಿನ ಪಾಠವನ್ನು ಬಿಡಲಿಲ್ಲ, ಅದರಿಂದ ಕೆಲವರಿಗೆ ನಿಜಕ್ಕೂ ಗುಣವಿತ್ತು. ಆಯಿಯನ್ನು ಬಾಗಿಲಿನಿಂದ ಒಳಗೆ ಕರೆದೆ. ಅವಳೇನೂ ಬಿಗುಮಾನ ತೋರಿಸಲಿಲ್ಲ. ಮಣೆಯನ್ನು ತಾನೇ ಎತ್ತಿಕೊಂಡು ಬಂದಳು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಡಾಕ್ಟರಬಾಯಿ ಇನ್ನೊಂದು ಹೊಸ ವಿಚಾರ ಓದಿದ್ದರು. ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿನಂಥದ್ದು ಇರಬೇಕೆಂದು ಕೆಲವು ವಿಜ್ಞಾನಿಗಳು ಹೇಳುತ್ತಿದ್ದಾರೆ. ತಿಕ್ಕಿದರೆ, ಒತ್ತಿದರೆ ಆ ಸ್ಪರ್ಶದ ಸುದ್ದಿ ನುಗ್ಗಿ, ನೋವಿನ ಸುದ್ದಿಗೆ ಬಾಗಿಲು ಕಿರಿದಾಗುತ್ತದೆ. ಮನಸ್ಸಿನ ಅಂಜಿಕೆ, ಧೈರ್ಯಗಳೂ ಮೇಲಿನಿಂದ ಆ ಬಾಗಿಲನ್ನು ಆಡಿಸುತ್ತವೆ. ಇದನ್ನು ಹೇಳಿ ಅವರು, ಹೊಸ ನರ್ಸುಗಳಿಗೆ ತೋರಿಸಲು ಆಯಿಯನ್ನು ವಿಜಾಪುರಕ್ಕೆ ಕರೆತರಲು ತಿಳಿಸಿದರು.

ಬಸ್ಸಿನಲ್ಲಿ ನಾನು ಆಯಿಗೆ ಬಾಗಿಲಿನ ವಿಷಯ ಬಿಡಿಸಿ ಹೇಳಿದೆ. ಅವಳು ಕಿಟಕಿಯಾಚೆ ನೋಡುತ್ತ ಪೂರ್ತಿ ಕೇಳಿದಳು. “ಇರಬಹುದು ತಂಗಿ. ನಮ್ಮವ್ವ ಒತ್ತತಿದ್ಲು, ನಾ ನೋಡಿ ಕಲತೆ. ಒಳಗ ಏನೈತಿ ಅಂತ ಆಕಿನೂ ಕೇಳಿಲ್ಲ, ನಾನೂ ಕೇಳಿಲ್ಲ.”

ತರಗತಿಯಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಅವಳ ಕೈಯ ಕೆಳಗೆ ಬೆನ್ನು ಕೊಟ್ಟು, ಎಲ್ಲಿ ಎಷ್ಟು ಒತ್ತುತ್ತಾಳೆಂದು ಕಲಿತರು. ಮುಗಿದ ಮೇಲೆ ಆಯಿ ನೆಲದಿಂದ ಏಳಲು ಗೋಡೆ ಹಿಡಿದುಕೊಂಡಳು. ಡಾಕ್ಟರಬಾಯಿ ಅದನ್ನು ನೋಡಿದರು.

“ಆಯಿ, ಮೊಣಕಾಲು ಯಾವಾಗಿಂದ ನೋಯಾಕತ್ತೈತ್ರಿ?”

ಆಯಿ ನಾಚಿದಳು. “ಆತ್ರಿ, ಹತ್ತ-ಹದಿನೈದ ವರ್ಷ.”

ಅದರಲ್ಲಿ ಏಳೆಂಟು ವರ್ಷ ನಾನು ಅವಳ ಜೊತೆ ಚಕ್ಕಡಿ ಹತ್ತಿ ಇಳಿದಿದ್ದೇನೆ, ಕೆಸರಿನಲ್ಲಿ ನಡೆದಿದ್ದೇನೆ. ಅವಳು ಹಿಂದೆ ಬೀಳುವಾಗ “ಲಗು ಬರ್ರಿ ಆಯಿ” ಎಂದು ಅವಸರ ಮಾಡಿದ್ದೇನೆ. ಕಾಲು ನೋಯುತ್ತದೆಯೇ ಎಂದು ಕೇಳಿರಲಿಲ್ಲ.

ಗಾಂಧಿ ಚೌಕದಲ್ಲಿ ಅವಳಿಗೆ ಚಹಾ ಕುಡಿಸಿ ತಿಕೋಟಾ ಬಸ್ಸು ಹತ್ತಿಸಿದೆ. ಹಿಂದಿನ ಸೀಟು ಖಾಲಿಯಿತ್ತು. ಅವಳು ಬೇಡವೆಂದರೂ ಕೇಳದೆ ಕಾಲನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡು ಮೊಣಕಾಲು ಒತ್ತತೊಡಗಿದೆ.

“ಅಲ್ಲಲ್ಲ ಬೇ, ಕೆಳಗ,” ಎಂದಳು ಆಯಿ. “ಇನ್ನೂ ಕೆಳಗ. ಬೆರಳಲೇ ಅಲ್ಲ, ಅಂಗೈಲೇ ಒತ್ತು. ಯಾರು ಕಲಿಸ್ಯಾರ ನಿನಗ?”

ತಿಕೋಟಾ ಬರುವವರೆಗೂ ಅವಳು ತಿದ್ದುತ್ತಲೇ ಇದ್ದಳು, ನಾನು ಒತ್ತುತ್ತಲೇ ಇದ್ದೆ.